ಭರ್ತಿಗೆ ನಿಂತವನು

ಬೆಂಕಿ ನಲ್ಲಿ ಅಂದರೆ ಗೊತ್ತಲ್ಲ? ರಸ್ತೆ ಪಕ್ಕದಲ್ಲಿ ಕುಳ್ಳಗೆ, ಕೆಂಪಗೆ, ಎದೆ ಉಬ್ಬಿಸಿಕೊಂಡು ನಿಂತಿರುತ್ತದೆ, ಯಾರ ಮೇಲೋ ಸಿಟ್ಟು ಮಾಡಿಕೊಂಡ ಹಾಗೆ. ಎಲ್ಲಾದರೂ ಬೆಂಕಿ ಬಿದ್ದರೆ ಕೊಳವೆ ತಂದು ಅದರ ಮೂತಿಗೆ ಸಿಕ್ಕಿಸುತ್ತಾರೆ. ಅಲಬಾಮಾದ ನಮ್ಮ ಡನ್ಹ್ಯಾಮ್ ಫೆರಿಯಲ್ಲಿ ಅಂಥವು ಬೀದಿಗೆ ಎರಡರಂತೆ ಇದ್ದವು, ರೈಲು ಹಳಿಯ ಆ ಕಡೆ. ಹಳಿಯ ಈ ಕಡೆ, ಅಂದರೆ ನಾವು ಕಪ್ಪು ಜನ ಇದ್ದ ಕಡೆ, ಒಂದೂ ಇರಲಿಲ್ಲ. ನೀರಿನ ದೊಡ್ಡ ಪೈಪು ಹಳಿಯ ತನಕ ಬಂದು, ಬೇಡದ ಮನೆಯ ಹೊಸಿಲು ಕಂಡ ನೆಂಟನ ಹಾಗೆ ಅಲ್ಲೇ ನಿಂತುಬಿಟ್ಟಿತ್ತು.

ಸಾವಿರದ ಒಂಬೈನೂರ ಎಪ್ಪತ್ತರ ಫೆಬ್ರವರಿಯಲ್ಲಿ ವರ್ನೆಲ್ ಟಿಸ್ಡೇಲ್ ಮನೆಗೆ ಬೆಂಕಿ ಬಿತ್ತು. ಮುಂದುಗಡೆ ಅವಳು ಹೆಂಗಸರ ಕೂದಲು ತಿದ್ದುವ ಅಂಗಡಿ, ಹಿಂದುಗಡೆ ಸಂಸಾರ. ಬೆಂಕಿ ಗಾಡಿ ಬಂತು, ಬರಲಿಲ್ಲ ಅಂತ ಸುಳ್ಳು ಹೇಳಲಾರೆ. ಗಂಟೆ ಬಾರಿಸಿಕೊಂಡು ಬಂದು ಹಳಿಯ ಹತ್ತಿರ ನಿಂತಿತು. ಆ ಕಡೆಯ ಕೊನೆಯ ನಲ್ಲಿಗೆ ಕೊಳವೆ ಸಿಕ್ಕಿಸಿ ಎಳೆದರು, ಎಳೆದರು, ಅವಳ ಮನೆಗೆ ಎರಡು ಮನೆ ಇರುವಾಗ ಕೊಳವೆ ಮುಗಿಯಿತು. ನೀರು ಮಾತ್ರ ಜೋರಾಗಿ ಬರುತ್ತಿತ್ತು. ಯಾರದೋ ಕೋಸಿನ ತೋಟಕ್ಕೆ ಬೀಳುತ್ತಿತ್ತು. ಅವಳ ಗಂಡ ರೂಫಸ್ ಬಕೆಟ್ ಹಿಡಿದು ಒಳಗೆ ಹೋದವನು ಹೊರಗೆ ಬರಲಿಲ್ಲ.

ಬೆಂಕಿ ಪಡೆಯ ಮುಖ್ಯಸ್ಥ ರಾಯ್ಸ್ ಹ್ಯಾಡಕ್. ಊರಿನ ಕಬ್ಬಿಣದ ಅಂಗಡಿಯೂ ಅವನದೇ, ಟೌನ್ ಕೌನ್ಸಿಲಿನ ಅಧ್ಯಕ್ಷಗಿರಿಯೂ ಅವನದೇ. ಬೂದಿಯ ಪಕ್ಕ ನಿಂತು ಹ್ಯಾಟು ತೆಗೆದ. "ಪೈಪು ಮುಟ್ಟಲಿಲ್ಲ ವರ್ನೆಲ್. ಏನ್ ಮಾಡಕ್ಕಾಗತ್ತೆ ಹೇಳು" ಅಂದ.

ಆಮೇಲೆ ಪ್ರತಿ ತಿಂಗಳೂ ವರ್ನೆಲ್ ಕೌನ್ಸಿಲಿಗೆ ಹೋದಳು. ಹಿಂದಿನ ಬೆಂಚಿನಲ್ಲಿ ಕೂತು, ಸರದಿ ಬಂದಾಗ ಎದ್ದು, ಹಳಿಯ ಈ ಕಡೆಗೂ ನಲ್ಲಿ ಹಾಕಿಸಿ ಅಂತ ಕೇಳಿದಳು. ಐದೂ ಜನ ಬಿಳಿಯರು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು ಮುಂದಿನ ವರ್ಷ ನೋಡೋಣ ಎಂದರು. ಎರಡು ಮುಂದಿನ ವರ್ಷಗಳು ಹೋದವು.

ಒಂದು ದಿನ ನನ್ನ ಅಂಗಡಿಗೆ ಬಂದಳು. ನನ್ನದು ಹಂದಿ ಸುಡುವ ಅಂಗಡಿ. ಹಿಂದೆ ಇಟ್ಟಿಗೆಯ ಗುಂಡಿ, ಅದರಲ್ಲಿ ಹಿಕರಿ ಕಟ್ಟಿಗೆಯ ಕೆಂಡ, ಮೇಲೆ ಪಕ್ಕೆಲುಬು. ನಮ್ಮ ಸೀಮೆಯಲ್ಲಿ ಅಲಾಂಜೊ ಸ್ಟಾಲ್‌ವರ್ತ್‌ನ ಹಂದಿ ತಿನ್ನದವನು ಸತ್ತರೂ ಅವನಿಗೆ ಸ್ವರ್ಗದಲ್ಲಿ ಊಟ ಸೇರುವುದಿಲ್ಲ ಅನ್ನುವ ಮಾತಿತ್ತು. ಹಬ್ಬಿಸಿದವನು ನಾನೇ, ಇರಲಿ.

"ಲಾಂಜೊ, ಕೇಳಿ ಕೇಳಿ ಸಾಕಾಯ್ತು ಕಣೋ" ಅಂದಳು. "ಇನ್ನು ಅವರ ಮುಂದೆ ನಿಲ್ಲಲ್ಲ. ಅವರ ಪಕ್ಕ ಕೂತ್ಕೋತೀನಿ. ಆಗಸ್ಟಿಗೆ ಎಲೆಕ್ಷನ್ನು, ನಾನು ನಿಲ್ತೀನಿ."

ನಿಲ್ಲುವುದು ದೊಡ್ಡದಲ್ಲ, ಗೆಲ್ಲುವುದು ಹೇಗೆ? ನಮಗೆ ವೋಟು ಬರುವ ತನಕ ಊರು ಐದು ವಾರ್ಡಾಗಿತ್ತು, ವಾರ್ಡಿಗೊಬ್ಬ ಸದಸ್ಯ. ನಮ್ಮವರು ಮತದಾರರಾಗಿ ಹೆಸರು ಬರೆಸಿದ ಮಾರನೆಯ ವರ್ಷವೇ ವಾರ್ಡುಗಳು ಮಾಯವಾದವು. ಊರೆಲ್ಲ ಒಂದೇ ರಾಶಿ. ಪ್ರತಿಯೊಬ್ಬರಿಗೂ ಐದು ವೋಟು, ಹೆಚ್ಚು ಬಿದ್ದ ಮೊದಲ ಐದು ಜನ ಗೆದ್ದ ಹಾಗೆ. ಮೂರು ಪಾಲಿನಲ್ಲಿ ಒಂದು ಪಾಲು ನಾವು, ಎರಡು ಪಾಲು ಅವರು. ವಾರ್ಡು ಇದ್ದಿದ್ದರೆ ನಮ್ಮ ಬೀದಿಗಳಿಂದ ಒಬ್ಬರಾದರೂ ಹೋಗುತ್ತಿದ್ದರು. ರಾಶಿಗೆ ಸುರಿದ ಮೇಲೆ, ಹಂಡೆ ಚಹಾಕ್ಕೆ ಒಂದು ಚಮಚ ಸಕ್ಕರೆ ಹಾಕಿದ ಹಾಗೆ. ಹಾಕಿದ್ದು ನಿಜ, ಸಿಹಿ ಮಾತ್ರ ಯಾರ ನಾಲಿಗೆಗೂ ಸಿಗದು.

ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯದ ಹೆಸರು ಒಂಟಿ ಗುಂಡು. ಐದು ವೋಟಿದ್ದರೂ ಒಂದೇ ಹಾಕು, ನಮ್ಮ ಒಬ್ಬ ಅಭ್ಯರ್ಥಿಗೆ ಹಾಕು, ಉಳಿದ ನಾಲ್ಕನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬಾ. ಇದನ್ನು ಕಲಿಸಿದವಳು ಮೌಂಟ್ ಗಿಲಿಯಡ್ ಚರ್ಚಿನ ದ್ವಾರಪಾಲಕಿಯರ ಮುಖ್ಯಸ್ಥೆ ಸಿಸ್ಟರ್ ಐಡೆಲ್ಲಾ ಕ್ರಂಪ್ಟನ್. ಎತ್ತರದ ಹೆಂಗಸು. ಅವಳು ನಕ್ಕಿದ್ದನ್ನು ನೋಡಿದವರಲ್ಲಿ ಈಗ ಯಾರೂ ಬದುಕಿಲ್ಲ.

"ಐದು ಗುಂಡು ಕೊಟ್ಟಿದಾರೆ ಅಂತ ಐದೂ ಹಾರಿಸ್ಬೇಡಿ" ಅನ್ನುತ್ತಿದ್ದಳು. "ಒಂದು ನಮ್ಮವರಿಗೆ ಹಾಕಿ ನಾಲ್ಕು ಅವರಿಗೆ ಹಾಕಿದ್ರೆ, ಆ ನಾಲ್ಕು ನಮ್ಮವರ ಹಣೆಗೇ ತಿರುಗತ್ತೆ. ಒಂದೇ ಗುರುತು! ಯಾರಾದ್ರೂ ಮಾಲೀಕರ ಮೋರೆ ನೋಡಿ ಎರಡನೇದು ಹಾಕಿದ್ರೋ, ನನ್ನ ಚರ್ಚಲ್ಲಿ ಕೂರಕ್ಕೆ ಜಾಗ ಕೊಡಲ್ಲ."

ಅರವತ್ತೆಂಟರಲ್ಲಿ ನಮ್ಮ ಪಾದ್ರಿಯನ್ನು ಹೀಗೇ ನಿಲ್ಲಿಸಿದ್ದೆವು. ಕೂದಲೆಳೆಯಲ್ಲಿ ಸೋತರು. ಅಂದಿನಿಂದ ನಾಲ್ಕು ವರ್ಷ ಐಡೆಲ್ಲಾ ಪ್ರತಿ ಭಾನುವಾರ ಪ್ರಾರ್ಥನೆಯ ಜೊತೆ ಇದನ್ನೂ ತಿಕ್ಕಿದಳು. ನಮ್ಮ ಮುದುಕಿಯರಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ "ಒಂದೇ ಗುರುತು" ಅನ್ನುವಷ್ಟು ಬಾಯಿಪಾಠವಾಗಿತ್ತು.

ಹ್ಯಾಡಕ್ ಏನು ಕಡಲೆಕಾಯಿ ತಿಂದುಕೊಂಡು ಕೂತಿದ್ದನೇ? ಅವನೂ ಎಣಿಸಿದ್ದ. ಎಪ್ಪತ್ತೆರಡರ ವಸಂತದಲ್ಲಿ ಅವನ ಭಾವಮೈದುನ ಶಾಸಕ ನಮ್ಮೂರಿಗೆ ಮಾತ್ರ ಅಂತ ಒಂದು ಕಾನೂನು ಹೊಲಿಸಿಕೊಂಡು ಬಂದ, ದರ್ಜಿ ಹತ್ತಿರ ಅಂಗಿ ಹೊಲಿಸುವ ಹಾಗೆ. ಚೀಟಿಯಲ್ಲಿ ಐದು ಗುರುತು ಇರಲೇಬೇಕು. ಒಂದು ಕಮ್ಮಿಯಾದರೂ ಇಡೀ ಚೀಟಿ ರದ್ದು.

"ಇದು ಎಲ್ಲರಿಗೂ ಒಂದೇ ಕಾನೂನು" ಅಂದ ಹ್ಯಾಡಕ್, ಪೂರ್ತಿ ಜವಾಬ್ದಾರಿಯಿಂದ ವೋಟು ಹಾಕುವುದನ್ನು ಕಲಿಸುವ ಕಾನೂನಂತೆ. ನದಿಯಲ್ಲಿ ಮುಳುಗುತ್ತಿರುವವನಿಗೂ ದಡದಲ್ಲಿ ಕೂತವನಿಗೂ ಒಂದೇ ಕಾನೂನು, ಇಬ್ಬರೂ ನೀರು ಕುಡಿಯಬೇಕು ಅಂದ ಹಾಗೆ.

ನಗರದಿಂದ ನಮ್ಮ ವಕೀಲರೊಬ್ಬರು ಬಂದರು. ಇಂಥ ಕಾನೂನಿಗೆ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕಿತ್ತು, ಇವರು ಕೇಳಿಯೇ ಇಲ್ಲ, ದಾವೆ ಹೂಡಿದರೆ ನಾವೇ ಗೆಲ್ಲುತ್ತೇವೆ ಎಂದರು.

"ಎಷ್ಟು ದಿನ ಹಿಡಿಯತ್ತೆ?" ಅಂತ ವರ್ನೆಲ್ ಕೇಳಿದಳು.

"ದಿನ ಅಲ್ಲಮ್ಮ, ವರ್ಷ. ಮೂರೋ ನಾಲ್ಕೋ."

"ಹೂಡಿ. ಅದರ ಪಾಡಿಗೆ ಅದು ನಡೀಲಿ. ಬೆಂಕಿ ಕೋರ್ಟಿನ ತಾರೀಕು ಕೇಳ್ಕೊಂಡು ಬರಲ್ಲ."

ಆ ಸಂಜೆ ನನ್ನ ಗುಂಡಿಯ ಸುತ್ತ ಕೂತು ಮಾತಾಡಿದೆವು. ಐದು ಗುರುತು ಹಾಕಲೇಬೇಕು ಅಂದರೆ ನಾಲ್ಕು ಅವರಿಗೆ ಹೋಗುತ್ತದೆ, ಅವರಿಗೆ ಹೋದರೆ ವರ್ನೆಲ್ ಮುಳುಗುತ್ತಾಳೆ. ಐಡೆಲ್ಲಾ ಒಂದು ಪಕ್ಕೆಲುಬನ್ನು ಮೂಳೆ ಬೆಳ್ಳಗಾಗುವ ತನಕ ಚೀಪಿ ಕೆಳಗಿಟ್ಟು ಹೇಳಿದಳು.

"ಐದು ಬೇಕು ಅಂತಾರಲ್ಲ, ಐದು ಕೊಡೋಣ. ನಮ್ಮವರೇ ಐದು ಜನ ನಿಲ್ಲಲಿ. ವರ್ನೆಲ್ ಅಸಲು, ಉಳಿದ ನಾಲ್ಕು ಭರ್ತಿ. ಗಾದಿಗೆ ಹತ್ತಿ ಬದ್ಲು ಹೊಟ್ಟು ತುಂಬ್ತಾರಲ್ಲ, ಹಂಗೆ." ಆಮೇಲೆ ನನ್ನ ಕಡೆ ತಿರುಗಿದಳು. "ಬ್ರದರ್ ಅಲಾಂಜೊ, ನೀನು ಹೊಟ್ಟು."

"ಅಕ್ಕ, ನಾನು ಹಂದಿ ಸುಡೋನು. ಕೌನ್ಸಿಲ್ಲು ಗಿನ್ಸಿಲ್ಲು ನಂಗೆ ಯಾಕೆ?"

"ಅದಕ್ಕೇ ಕಣೋ ನಿನ್ನ ಕೇಳಿದ್ದು" ಅಂದಳು ವರ್ನೆಲ್. "ನೀನು ಗೆದ್ದೀಯ ಅಂತ ಯಾವ ಹೆದರಿಕೇನೂ ಇಲ್ಲ."

ಉಳಿದ ಮೂವರು ಭರ್ತಿಗಳಿಗೂ ಇದೇ ಮರ್ಯಾದೆ ಮಾಡಿ ಒಪ್ಪಿಸಿದರು. ಲೆಕ್ಕ ಸರಳವಾಗಿತ್ತು. ನಮ್ಮ ಪೂರ್ತಿ ಒಂದು ಪಾಲು ಐವರಿಗೂ ಸಮನಾಗಿ ಬೀಳುತ್ತದೆ. ವರ್ನೆಲ್‌ಗೆ ಅದರ ಮೇಲೆ ಒಂದಿಷ್ಟು ಬಿಳಿ ಹೆಂಗಸರ ವೋಟು ಬರುತ್ತದೆ, ಡಾಕ್ಟರ ಹೆಂಡತಿ, ಲೈಬ್ರರಿಯಾಕೆ, ರೂಫಸ್ ಸತ್ತಾಗ ಅತ್ತವರು. ಹಾಗಾಗಿ ನಮ್ಮಲ್ಲಿ ಅವಳೇ ಮೊದಲು. ಮತ್ತೆ ಬಿಳಿಯರ ಎರಡು ಪಾಲು ಒಂದಾಗಿರಲಿಲ್ಲ, ಅದೇ ನಮ್ಮ ಪುಣ್ಯ. ಆ ವರ್ಷ ಅವರ ಮಧ್ಯೆ ಬಿಯರಿನ ಜಗಳ ಹೊತ್ತಿತ್ತು.

ಭಾನುವಾರ ಬಿಯರ್ ಮಾರಬಹುದೋ ಬಾರದೋ ಅನ್ನುವುದೇ ಜಗಳ. ಹ್ಯಾಡಕ್ ಬೇಡ ಅನ್ನುವ ಒಣಪಕ್ಷ, ಬ್ಯಾಪ್ಟಿಸ್ಟ್ ಚರ್ಚಿನವನು, ಭಾನುವಾರ ನೀರು ಕುಡಿಯಲೂ ದೇವರ ಅಪ್ಪಣೆ ಕೇಳುವವನು. ಕಾರು ಮಾರುವ ಡಬ್ ಪ್ರೂಯಿಟ್ ಬೇಕು ಅನ್ನುವ ಹಸಿಪಕ್ಷ. ಬಿಳಿಯರ ಮನೆಗಳಲ್ಲಿ ಅಣ್ಣ ತಮ್ಮ ಮಾತು ಬಿಟ್ಟಿದ್ದರು. ಒಣಪಕ್ಷದಿಂದ ಐದು ಜನ, ಹಸಿಪಕ್ಷದಿಂದ ಐದು ಜನ ನಿಂತರು. ಕಪ್ಪು ಜನದ ಒಂಟಿ ಗುಂಡಿಗೆ ಕಾನೂನೇ ಮದ್ದು ಅರೆದಿದೆ, ಇನ್ನು ತಮ್ಮೊಳಗೆ ಎಷ್ಟು ಕಚ್ಚಾಡಿದರೂ ಅಪಾಯವಿಲ್ಲ ಅನ್ನುವ ಧೈರ್ಯ ಅವರಿಗೆ.

ನಾನು ಯಾವ ಪಕ್ಷ ಅಂತೀರಾ? ಭಾನುವಾರ ಚರ್ಚಿಗೆ ಹೋಗುತ್ತಿದ್ದೆ. ಚರ್ಚಿನಿಂದ ಬಂದು ಅಂಗಡಿಯ ಹಿಂಬಾಗಿಲಲ್ಲಿ ಬಿಯರ್ ಮಾರುತ್ತಿದ್ದೆ. ಆ ಊರಿನ ಹಸಿಪಕ್ಷದ ಮುಕ್ಕಾಲು ಪಾಲು ನನ್ನ ಹಿಂಬಾಗಿಲಿನಲ್ಲೇ ಹಸಿಯಾಗುತ್ತಿತ್ತು.

ಚುನಾವಣೆಗೆ ಒಂದು ವಾರ ಇರುವಾಗ ಡಬ್ ಬಂದು ಗುಂಡಿಯ ಪಕ್ಕ ಕುಕ್ಕರಿಸಿದ. ಮುಖ ಸಪ್ಪಗಿತ್ತು.

"ನಮ್ಮ ಐದನೇವನು ಹೋದ ಕಣೋ ಲಾಂಜೊ."

"ಸತ್ರಾ ಸಾರ್?"

"ಸತ್ತಿದ್ರೆ ಪರವಾಗಿರ್ಲಿಲ್ಲ. ಅವನ ಹೆಂಡ್ತಿ ಒಣಪಕ್ಷ. ಹೆಸರು ವಾಪಸ್ ತೆಗ್ಸಿದಾಳೆ. ಈಗ ನಮಗೆ ನಾಲ್ಕೇ ಜನ, ಚೀಟಿಗೆ ಐದು ಗುರುತು ಬೇಕು. ಐದನೇದು ಯಾರಿಗೆ ಹಾಕೋದು? ಹ್ಯಾಡಕ್ ಕಡೆಯವರಿಗೆ ಹಾಕಿದ್ರೆ ನನ್ನ ಕೈ ಬಿದ್ಹೋಗತ್ತೆ. ಆ ಮುಟ್ಠಾಳನ ಕಾನೂನು ನಮ್ಮ ಕುತ್ತಿಗೆಗೇ ಬಂತು."

ನಾನು ಪಕ್ಕೆಲುಬು ಮಗುಚುತ್ತಾ ತಮಾಷೆಗೆ ಅಂದೆ, "ನನ್ನ ಹೆಸರು ಇದೆಯಲ್ಲ ಸಾರ್. ನಾನು ನಿಂತಿರೋದೇ ಭರ್ತಿಗೆ."

ಡಬ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಎರಡು ಬಾಟಲಿ ಕುಡಿದು ಎದ್ದುಹೋದ. ಆ ನಗುವನ್ನು ನಾನು ಅಲ್ಲೇ ಮರೆತೆ.

ಐಡೆಲ್ಲಾಗೆ ಬೇರೆ ತಲೆನೋವಿತ್ತು. ನಾಲ್ಕು ವರ್ಷ "ಒಂದೇ" ಅಂತ ತಿಕ್ಕಿದ್ದನ್ನು ಈಗ "ಐದು" ಅಂತ ಅಳಿಸಿ ಬರೆಯಬೇಕು. ಪ್ರತಿ ಭಾನುವಾರ ಐದು ಹೆಸರು ಹೇಳಿಸಿದಳು. ಮತಗಟ್ಟೆಯ ಬಾಗಿಲಲ್ಲಿ ನಿಂತು ನೆನಪಿಸೋಣ ಅಂದರೆ, ಅಲ್ಲಿ ಬಾಯಿ ಬಿಟ್ಟರೆ ಪ್ರಚಾರ ಅಂತ ಹಿಡಿದು ಹಾಕುತ್ತಾರೆ.

"ಬಾಯಿ ಯಾಕೆ ಬೇಕು?" ಅಂದಳು ಐಡೆಲ್ಲಾ. "ನಮಗೆ ಕೈ ಇಲ್ವಾ?"

ನಮ್ಮ ಚರ್ಚುಗಳ ದ್ವಾರಪಾಲಕಿಯರನ್ನು ನೋಡಿದವರಿಗೆ ಗೊತ್ತು. ಬಿಳಿ ಉಡುಪು, ಬಿಳಿ ಕೈಗವಸು, ಎಡಗೈ ಬೆನ್ನ ಹಿಂದೆ. ಪ್ರಾರ್ಥನೆ ನಡೆಯುವಾಗ ಒಂದು ಮಾತೂ ಆಡದೆ ಕೈಯಲ್ಲೇ ಇಡೀ ಸಭೆಯನ್ನು ಆಡಿಸುತ್ತಾರೆ. ಯಾರನ್ನು ಒಳಗೆ ಬಿಡಬೇಕು, ಎಲ್ಲಿ ಜಾಗ ಇದೆ, ಯಾರಿಗೆ ಮೈಮೇಲೆ ಬಂದು ಬೀಳುವ ಹಾಗಿದೆ, ಎಲ್ಲಕ್ಕೂ ಒಂದೊಂದು ಸನ್ನೆ. ಮತದಾನದ ದಿನ ಐಡೆಲ್ಲಾ ತನ್ನ ಪಡೆಯನ್ನು ಹಾಗೇ ನಿಲ್ಲಿಸಿದಳು. ಎದೆಯ ಮುಂದೆ ಬಲಗೈ, ಐದೂ ಬೆರಳು ಬಿಡಿಸಿ. ಐದು ಬೆರಳು, ಐದು ಗುರುತು. ಇದಕ್ಕಿಂತ ಸುಲಭ ಇನ್ನೇನಿದೆ?

ಮತಗಟ್ಟೆ ಇದ್ದದ್ದು ಬೆಂಕಿ ಗಾಡಿಯ ಷೆಡ್ಡಿನಲ್ಲಿ. ರೂಫಸ್‌ನನ್ನು ಉಳಿಸದ ಆ ಕೆಂಪು ಗಾಡಿಯ ಪಕ್ಕವೇ ಪರದೆ ಕಟ್ಟಿದ್ದರು. ಅಲಬಾಮಾದ ಆಗಸ್ಟ್ ಸೆಕೆ, ತಾರು ಬೂಟಿಗೆ ಅಂಟುತ್ತಿತ್ತು. ಬಾಗಿಲಲ್ಲಿ ಸಾಲಾಗಿ ನಿಂತ ಬಿಳಿ ಉಡುಪಿನ ಹೆಂಗಸರನ್ನು ನೋಡಿ ಪೊಲೀಸಿನವನಿಗೆ ಗಲಿಬಿಲಿಯಾಯಿತು.

"ಏನ್ ಇದೆಲ್ಲ? ಯಾರು ಸತ್ತಿದಾರೆ?"

ಐಡೆಲ್ಲಾ ತುಟಿ ಬಿಚ್ಚಲಿಲ್ಲ. ಸಾಲಿನಲ್ಲಿದ್ದ ನಾನೇ ಹೇಳಿದೆ. "ಇನ್ನೂ ಗೊತ್ತಾಗಿಲ್ಲ ಸಾರ್. ಸಾಯಂಕಾಲ ಎಣಿಸಿದ ಮೇಲೆ ಹೇಳ್ತಾರೆ."

ಎಣಿಕೆಯೂ ಅದೇ ಷೆಡ್ಡಿನಲ್ಲಿ, ಸೂರ್ಯ ಮುಳುಗುವ ಹೊತ್ತಿಗೆ. ಗುಮಾಸ್ತ ಒಂದೊಂದೇ ಚೀಟಿ ಬಿಡಿಸಿ ಓದುತ್ತಿದ್ದ. ನಾವು ಗೋಡೆಗೆ ಒರಗಿ ನಿಂತಿದ್ದೆವು. ವರ್ನೆಲ್ ನನ್ನ ಪಕ್ಕ. ಸ್ವಲ್ಪ ಹೊತ್ತಿಗೆ ಒಂದು ಚೀಟಿ ಬಿಡಿಸಿ ತಡೆದ.

"ಟಿಸ್ಡೇಲ್. ಒಂದೇ ಗುರುತು. ರದ್ದು."

ಪಕ್ಕಕ್ಕಿಟ್ಟ. ಮತ್ತೆ ನಾಲ್ಕಾರು ಚೀಟಿಯಾದ ಮೇಲೆ, "ಟಿಸ್ಡೇಲ್. ಒಂದೇ. ರದ್ದು." ಮತ್ತೆ. ಮತ್ತೆ. ಪ್ರತಿ ಸಲವೂ ವರ್ನೆಲ್‌ಳ ಮೊಣಕೈ ನನ್ನ ಪಕ್ಕೆಗೆ ಒತ್ತುವುದು ಗೊತ್ತಾಗುತ್ತಿತ್ತು. ಆ ರದ್ದಾದ ಗುಡ್ಡೆ ಬೆಳೆಯುತ್ತಾ ಹೋಯಿತು. ಅದರಲ್ಲಿ ಇದ್ದದ್ದೆಲ್ಲ ಅವಳ ಹೆಸರೇ.

ಹ್ಯಾಡಕ್ ತನ್ನ ಕುರ್ಚಿಯಿಂದಲೇ ಹೇಳಿದ. "ಪಾಪ. ಐದರ ತನಕ ಎಣಿಸೋದು ಕಲಿಸಬೇಕಿತ್ತು ವರ್ನೆಲ್."

ಆದರೆ ಆಮೇಲೆ ಇನ್ನೊಂದು ವಿಚಿತ್ರ ಶುರುವಾಯಿತು. "ಪ್ರೂಯಿಟ್, ಮತ್ತೆ ಅವನ ಮೂವರು, ಮತ್ತೆ..." ಗುಮಾಸ್ತ ಕನ್ನಡಕ ತೆಗೆದು ಒರೆಸಿದ. "ಮತ್ತೆ ಸ್ಟಾಲ್‌ವರ್ತ್." ಮುಂದಿನದೂ ಹಾಗೇ. ಅದರ ಮುಂದಿನದೂ. ಷೆಡ್ಡಿನಲ್ಲಿ ಪಿಸಿಪಿಸಿ ಎದ್ದಿತು. ನಾನು ಡಬ್ ಕಡೆ ನೋಡಿದೆ. ಅವನು ಬೆಂಕಿ ಗಾಡಿಯ ಚಕ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಫಲಿತಾಂಶ ಹೇಳಿದರು. ಮೊದಲನೆಯ ಸ್ಥಾನ, ಇಡೀ ಊರಿಗೆ ಮೊದಲನೆಯ ಸ್ಥಾನ, ಅಲಾಂಜೊ ಸ್ಟಾಲ್‌ವರ್ತ್, ಹಂದಿ ಸುಡುವವನು. ಆಮೇಲೆ ಹ್ಯಾಡಕ್ ಮತ್ತು ಅವನ ಒಬ್ಬ ಒಣಗೆಳೆಯ, ಡಬ್ ಮತ್ತು ಅವನ ಒಬ್ಬ ಹಸಿಗೆಳೆಯ. ಆರನೆಯ ಸ್ಥಾನ ವರ್ನೆಲ್ ಟಿಸ್ಡೇಲ್. ಐದನೆಯವನಿಗೂ ಅವಳಿಗೂ ಇದ್ದ ಅಂತರಕ್ಕಿಂತ ಆ ರದ್ದಾದ ಗುಡ್ಡೆ ದೊಡ್ಡದಿತ್ತು. ಅವಳನ್ನು ತುಂಬ ಪ್ರೀತಿಸಿದವರೇ ಅವಳನ್ನು ಸೋಲಿಸಿದ್ದರು.

ಹೊರಗೆ ಬಂದಾಗ ಐಡೆಲ್ಲಾ ಕೈಗವಸು ಕಳಚುತ್ತಾ, "ಹೇಗಾಯ್ತು? ಬೆರಳು ಬಿಡಿಸಿ ತೋರಿಸಿದೀನಲ್ಲ! ಕುರುಡರಿಗೂ ಕಾಣೋ ಹಾಗೆ ತೋರಿಸಿದೀನಿ!" ಅನ್ನುತ್ತಿದ್ದಳು.

ಹೇಗಾಯಿತು ಅನ್ನುವುದು ಮಾರನೆಯ ಬೆಳಿಗ್ಗೆ ಗೊತ್ತಾಯಿತು. ವರ್ನೆಲ್‌ಳ ಸೋದರತ್ತೆ ಮಿಸ್ ಜಿಪೋರಾ, ತೊಂಬತ್ತರ ಮುದುಕಿ, ಜಗಲಿಯಲ್ಲಿ ಬಟಾಣಿ ಸುಲಿಯುತ್ತಾ ಕೂತಿತ್ತು. ನಾವು ಹೋದಾಗ ಮುಖ ಅರಳಿತು.

"ನಿಂಗೇ ಹಾಕ್ದೆ ಬಂಗಾರ. ನಿನ್ನ ಹೆಸರಿಗೆ ಗುರುತು ಹಾಕಿ ತಲೆ ಎತ್ತಿ ಪರದೆ ಸಂದೀಲಿ ನೋಡಿದ್ರೆ, ಬಾಗಿಲಲ್ಲಿ ಐಡೆಲ್ಲಾ ಅಂಗೈ ತೋರಿಸ್ತಾ ನಿಂತಿದಾಳೆ. ನಿಲ್ಲು ಅಂತ. ನಿಂತ್ಬಿಟ್ಟೆ."

ಐಡೆಲ್ಲಾ ಮೆಟ್ಟಿಲ ಮೇಲೆ ಹಾಗೇ ಕುಸಿದು ಕೂತಳು. ಅಂಗೈ! ಚರ್ಚಿನ ಬಾಗಿಲಲ್ಲಿ ದ್ವಾರಪಾಲಕಿ ಅಂಗೈ ತೋರಿಸಿದರೆ, ಒಳಗೆ ಪ್ರಾರ್ಥನೆ ನಡೆಯುತ್ತಿದೆ, ಅಲ್ಲೇ ನಿಲ್ಲು ಅಂತ ಅರ್ಥ. ಆ ಮುದುಕಿಯರು ಹುಟ್ಟಿದಾಗಿನಿಂದ ಆ ಅಂಗೈಗೆ ನಿಂತವರು. ನಾವು ತೋರಿಸಿದ್ದು ಐದು, ಅವರು ಓದಿದ್ದು ನಿಲ್ಲು.

"ಸರಿಯಾಗಿ ಮಾಡಿದೆನೋ ಇಲ್ವೋ?" ಅಂತ ಕೇಳಿತು ಮುದುಕಿ.

ವರ್ನೆಲ್ ಬಗ್ಗಿ ಅದರ ಮಡಿಲಿನಿಂದ ಒಂದು ಹಿಡಿ ಬಟಾಣಿ ತೆಗೆದುಕೊಂಡು ತಾನೂ ಸುಲಿಯತೊಡಗಿದಳು. "ಸರಿಯಾಗೇ ಮಾಡಿದೀರಿ ಅತ್ತೆ. ನಿಮ್ಮಷ್ಟು ಸರಿಯಾಗಿ ಯಾರೂ ಮಾಡಿಲ್ಲ."

ದಾರಿಯಲ್ಲಿ ನಾನು ಹೇಳಿದೆ. "ನಂಗೆ ಬೇಡಮ್ಮ ಈ ಕುರ್ಚಿ. ಇವತ್ತೇ ಬಿಡ್ತೀನಿ. ನಿನ್ನದು, ನೀನು ಕೂತ್ಕೋ."

"ಅಯ್ಯೋ ಮಂಕೇ, ನೀನು ಬಿಟ್ರೆ ನಂಗೆ ಬರತ್ತಾ? ಖಾಲಿ ಕುರ್ಚಿಗೆ ಉಳಿದ ನಾಲ್ಕು ಜನ ಸೇರಿ ತಮಗೆ ಬೇಕಾದವ್ರನ್ನ ಕೂರಿಸ್ಕೋತಾರೆ. ಆ ವಿಷಯದಲ್ಲಿ ಒಣಗಿದವರು ನೆಂದವರು ಎಲ್ಲ ಒಂದೇ." ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀನು ಕೂತ್ಕೋ. ನಾನು ನಿಂತ್ಕೋತೀನಿ."

ಅವಳು ಹೇಳಿದ್ದು ಅಕ್ಷರಶಃ ನಿಜವೇ ಅಂತ ಮೊದಲ ಸಭೆಯಲ್ಲಿ ಗೊತ್ತಾಯಿತು. ಬಿಳಿ ಉಡುಪು, ಬಿಳಿ ಕೈಗವಸು, ಎಡಗೈ ಬೆನ್ನ ಹಿಂದೆ. ಸಾರ್ವಜನಿಕರ ಬೆಂಚಿನ ಹಿಂದೆ, ಗೋಡೆಗೆ, ನೆಟ್ಟಗೆ. ನನ್ನ ಕುರ್ಚಿಯಿಂದ ನೇರ ಕಾಣುವ ಹಾಗೆ.

ಡಬ್ ಭಾನುವಾರದ ಬಿಯರ್ ಪ್ರಸ್ತಾಪ ತಂದ. ಎರಡು ಪರ, ಎರಡು ವಿರೋಧ. ಎಲ್ಲರೂ ನನ್ನ ಕಡೆ ತಿರುಗಿದರು. ಅಲ್ಲಿಯ ತನಕ ನನಗೇ ಹೊಳೆದಿರಲಿಲ್ಲ, ದೇವರಾಣೆ! ಎರಡು ಪಾಲು ಜನ ಇದ್ದವರು ನಾಲ್ಕು ಕುರ್ಚಿ ಹಿಡಿದಿದ್ದರು, ನಮಗೆ ಒಂದು ಎಸೆದಿದ್ದರು. ಆದರೆ ಆ ನಾಲ್ಕು ಒಂದಕ್ಕೊಂದು ಕೊಂಬು ಕೊಟ್ಟು ನಿಂತಾಗ, ತಕ್ಕಡಿಯ ಮುಳ್ಳು ಆಡುವುದು ನಮ್ಮ ಒಂದರಿಂದಲೇ.

ಬೆಂಚುಗಳ ಆಚೆ ಗೋಡೆಯ ಕಡೆ ನೋಡಿದೆ. ವರ್ನೆಲ್ ಅಂಗೈ ಎತ್ತಿದಳು. ಈ ಸಲ ಅದರ ಅರ್ಥದಲ್ಲಿ ಯಾರಿಗೂ ಅನುಮಾನವಿರಲಿಲ್ಲ.

"ನಾನಿನ್ನೂ ಯೋಚನೆ ಮಾಡ್ತಿದೀನಿ" ಅಂದೆ.

ಹ್ಯಾಡಕ್ ಬಿಯರನ್ನು ಇನ್ನೂ ಬಿಗಿಯಾಗಿ ನಿಷೇಧಿಸುವ ಪ್ರಸ್ತಾಪ ತಂದ. ಎರಡು, ಎರಡು. ಅಂಗೈ. "ನಾನಿನ್ನೂ ಯೋಚನೆ ಮಾಡ್ತಿದೀನಿ."

ಹೀಗೆ ಎಲೆ ಉದುರುವ ತನಕ ಯೋಚನೆ ಮಾಡಿದೆ. ಬಿಯರು ಅಷ್ಟೇ ಅಲ್ಲ, ಹಸಿಯವರು ಬೇಕು ಅಂದದ್ದು ಒಣಗಿದವರಿಗೆ ಬೇಡ, ಹಾಗಾಗಿ ಏನೂ ಪಾಸಾಗಲಿಲ್ಲ. ಆ ಕಡೆಯ ರಸ್ತೆಗೆ ಗುಂಡಿ ಬಿತ್ತು, ಪಾಸಾಗಲಿಲ್ಲ. ಅವರ ಪಾರ್ಕಿನ ದೀಪ ಆರಿತು, ಪಾಸಾಗಲಿಲ್ಲ. ಕತ್ತಲೆಯಲ್ಲಿ, ಗುಂಡಿ ರಸ್ತೆಯಲ್ಲಿ ಬದುಕುವುದು ಹೇಗೆ ಅಂತ ಅವರು ನಮ್ಮನ್ನು ಕೇಳಿದ್ದರೆ ಚೆನ್ನಾಗಿ ಹೇಳಿಕೊಡುತ್ತಿದ್ದೆವು.

ಹ್ಯಾಡಕ್ ಮೊದಲ ಸಲ ನನ್ನ ಅಂಗಡಿಗೆ ಬಂದ. ಹಿಂಬಾಗಿಲಿಗಲ್ಲ, ಮುಂಬಾಗಿಲಿಗೆ.

"ಲಾಂಜೊ, ಒಂದು ನಲ್ಲಿ ಹಾಕಿಸ್ತೀನಿ. ಹಳಿ ದಾಟಿದ ಕೂಡ್ಲೆ, ನಿನ್ನ ಅಂಗಡಿ ಮುಂದೇನೇ. ನೀನು ನಮ್ಮ ಕಡೆ ಕೈ ಎತ್ತು."

"ನನ್ನ ಅಂಗಡಿಗೆ ಬೆಂಕಿ ಬೇಕು ಸಾರ್, ನೀರಲ್ಲ. ಬೀದಿ ಬೀದಿಗೆ ಎರಡು, ನಿಮ್ಮ ಕಡೆ ಇದ್ದ ಹಾಗೆ. ವರ್ನೆಲ್ ಮನೆ ಜಾಗದಿಂದ ಶುರು ಆಗ್ಬೇಕು."

ಅವನ ಕಿವಿ ಕೆಂಪಾಯಿತು. "ಭಾನುವಾರ ನಿನ್ನ ಹಿಂಬಾಗಿಲಲ್ಲಿ ಏನ್ ನಡೆಯತ್ತೆ ಅಂತ ನಂಗೆ ಗೊತ್ತಿಲ್ಲ ಅನ್ಕೊಂಡಿದೀಯಾ? ಒಂದು ಫೋನ್ ಮಾಡಿದ್ರೆ ಷೆರೀಫ್ ಬರ್ತಾನೆ."

ಅವನು ಹೋದ ಮೇಲೆ ವರ್ನೆಲ್‌ಗೆ ಹೇಳಿದೆ. ಅವಳು ನಕ್ಕಳು, ಎಷ್ಟೋ ದಿನದ ಮೇಲೆ. "ಹೆದರಿಸಿದ್ನಾ? ಒಳ್ಳೇದೇ ಆಯ್ತು. ನಿಲ್ಲಿಸಿಬಿಡು."

ಮುಂದಿನ ಭಾನುವಾರ ಹಿಂಬಾಗಿಲಿಗೆ ಮೊಳೆ ಹೊಡೆದೆ. ಚರ್ಚು ಬಿಟ್ಟ ಹೊತ್ತಿಗೆ ಡಬ್ ತನ್ನ ಹಸಿಪಕ್ಷದೊಂದಿಗೆ ಬಂದು ಬಡಿದ. ನಾನು ಕಿಟಕಿಯಿಂದ ತಣ್ಣನೆಯ ಸಿಹಿ ಚಹಾದ ಲೋಟ ಚಾಚಿದೆ.

"ಇದೇನೋ ಇದು?"

"ಕಾನೂನು ಸಾರ್. ನಾನೀಗ ಸದಸ್ಯ, ಕಾನೂನು ಮುರಿಯೋದು ಶೋಭೆ ಅಲ್ಲ. ಹ್ಯಾಡಕ್ ಸಾಹೇಬ್ರೇ ಬಂದು ನೆನಪು ಮಾಡಿದ್ರು."

ಅವರು ಆ ಚಹಾ ಕುಡಿದ ಮುಖ ಈಗಲೂ ಕಣ್ಣ ಮುಂದಿದೆ. ಭಾನುವಾರ ಬಿಯರು ಸಿಗುವ ಇನ್ನೊಂದು ಜಾಗ ಇದ್ದದ್ದು ಕೌಂಟಿ, ಅಂದರೆ ಜಿಲ್ಲೆಯ, ಗಡಿಯಾಚೆ. ಮೂರು ಬಾಯಾರಿದ ಭಾನುವಾರಗಳಾದ ಮೇಲೆ ಡಬ್ ಒಬ್ಬನೇ ಬಂದ.

"ಎಷ್ಟು ನಲ್ಲಿ ಬೇಕೋ ನಿಂಗೆ, ಮಾರಾಯ?"

ನವೆಂಬರಿನ ಸಭೆ ತುಂಬಿ ತುಳುಕುತ್ತಿತ್ತು. ನಮ್ಮವರು ಗೋಡೆಯುದ್ದಕ್ಕೂ ನಿಂತಿದ್ದರು, ಮಿಸ್ ಜಿಪೋರಾಗೆ ಮಾತ್ರ ಕುರ್ಚಿ. ನಾನು ಎದ್ದು ಪ್ರಸ್ತಾಪ ಓದಿದೆ. ಹಳಿಯ ಕೆಳಗೆ ದೊಡ್ಡ ಪೈಪ್, ಈ ಕಡೆಯ ಪ್ರತಿ ಬೀದಿಗೂ ಎರಡು ನಲ್ಲಿ, ಮೊದಲನೆಯದು ಟಿಸ್ಡೇಲ್ ಮನೆಯ ಜಾಗದ ಮುಂದೆ. ಡಬ್ ಅನುಮೋದಿಸಿದ. ಹ್ಯಾಡಕ್ ಮೇಜು ಗುದ್ದಿ ಎದ್ದ.

"ಈ ಊರಿಗೆ ಸದಸ್ಯ ಯಾರು? ನೀನೋ, ಆ ಗೋಡೆ ಹತ್ರ ಕೈ ಆಡಿಸ್ತಿರೋ ಹೆಂಗಸೋ? ಜನ ಆರಿಸಿದ್ದು ಯಾರನ್ನ?"

ಮೊದಲಾಗಿದ್ದರೆ 'ಸಾರ್' ಅನ್ನುತ್ತಿದ್ದೆ. ನಮ್ಮಪ್ಪ ಅವನ ಅಪ್ಪನಿಗೆ ಅಂದಿದ್ದ, ನಮ್ಮಜ್ಜ ಅವನ ಅಜ್ಜನಿಗೆ. ಅವರು ನಮ್ಮಲ್ಲಿ ಯಾವ ಮುದುಕನನ್ನೂ ಏಕವಚನದಲ್ಲಲ್ಲದೆ ಕರೆದವರಲ್ಲ.

"ರಾಯ್ಸ್" ಅಂದೆ. "ನಾನು ಭರ್ತಿ ಹೆಸರು ಕಣಯ್ಯ. ನನ್ನ ಯಾರೂ ಆರಿಸಿಲ್ಲ. ಐದು ತುಂಬಿಸಿ, ಇಲ್ದಿದ್ರೆ ರದ್ದು ಅಂತ ಹೇಳಿದ್ದು ನಿನ್ನ ಕಾನೂನು. ತುಂಬಿಸಿದ್ರು. ನಾನು ಬಂದೆ. ನಂಗೆ ಈ ಕುರ್ಚಿ ಕೊಟ್ಟೋನು ನೀನೇ. ಈಗ ಕೂತ್ಕೋ, ವೋಟು ಆಗ್ಲಿ."

ಅವನು ಕೂತ. ಡಬ್ ಪರ, ಅವನ ಗೆಳೆಯ ಪರ. ಒಣಗಿದ ಎರಡು ವಿರೋಧ. ನಾನು ಗೋಡೆಯ ಕಡೆ ನೋಡಿದೆ. ವರ್ನೆಲ್ ಬಲಗೈಯನ್ನು ನಿಧಾನವಾಗಿ ಪಕ್ಕಕ್ಕೆ ಬೀಸಿ ಮುಂದಕ್ಕೆ ತಂದಳು. ಚರ್ಚಿನಲ್ಲಿ ಅದರ ಅರ್ಥ, ಒಳಗೆ ಬನ್ನಿ, ಜಾಗ ಇದೆ.

"ಪರ" ಅಂದೆ.

ಮಿಸ್ ಜಿಪೋರಾ ಪಕ್ಕದವಳನ್ನು ಗಟ್ಟಿಯಾಗಿ ಕೇಳಿತು. "ಏನಂದ? ನಮ್ಮ ವರ್ನೆಲ್ ಗೆದ್ಳಾ?"

"ಹೂಂ ಕಣಮ್ಮ" ಅಂದಳು ಐಡೆಲ್ಲಾ. ಅವಳು ನಕ್ಕಿದ್ದನ್ನು ನೋಡಿದವರಲ್ಲಿ ಯಾರೂ ಬದುಕಿಲ್ಲ ಅಂದೆನಲ್ಲ, ಅದು ಸುಳ್ಳು. ನಾನು ನೋಡಿದ್ದೇನೆ.

ಡಬ್ ಆಗಲೇ ಮೇಜಿನ ಮೇಲೆ ಬಗ್ಗಿ, "ಈಗ ಬಿಯರು?" ಅಂದ. ಗೋಡೆಯ ಹತ್ತಿರ ಅಂಗೈ ಎದ್ದಿತು. "ನೀರು ಮೊದಲು, ಡಬ್" ಅಂದೆ.

ವಸಂತದಲ್ಲಿ ಪೈಪು ಹಳಿ ದಾಟಿತು. ಮೊದಲ ನಲ್ಲಿ ತೆರೆಯುವ ದಿನ ಬೆಂಕಿ ಪಡೆಯ ಮುಖ್ಯಸ್ಥನಾಗಿ ಹ್ಯಾಡಕ್‌ನೇ ಬರಬೇಕಾಯಿತು, ಅವನೇ ಆ ದೊಡ್ಡ ಸ್ಪ್ಯಾನರ್ ತಿರುಗಿಸಬೇಕಾಯಿತು. ಮೊದಲು ತುಕ್ಕಿನ ಕೆಂಪು ನೀರು ಕೆಮ್ಮಿತು, ಆಮೇಲೆ ಬೆಳ್ಳಗೆ ರಸ್ತೆಯಗಲಕ್ಕೂ ಹೊಡೆಯಿತು. ವರ್ನೆಲ್ ಕೈಗವಸು ಕಳಚಿ ಉಡುಪಿನ ಜೇಬಿಗೆ ಹಾಕಿಕೊಂಡಳು. ಮನೆ ಇದ್ದ ಕರಿ ಜಾಗಕ್ಕೆ ಬೆನ್ನು ಮಾಡಿ, ಆ ನೀರಿಗೆ ಎರಡೂ ಕೈ ಒಡ್ಡಿ, ಮುಖ ತೊಳೆದಳು, ಕತ್ತು ತೊಳೆದಳು. ಎಷ್ಟು ಹೊತ್ತಾದರೂ ಮುಗಿಸಲಿಲ್ಲ.

ಡಬ್ ಗುಂಪಿನೊಳಗಿಂದ ತಲೆ ತೂರಿಸಿದ. "ಲಾಂಜೊ, ನೀರು ಬಂತಲ್ಲೋ. ಈಗಲಾದ್ರೂ?"

ನಾನು ವರ್ನೆಲ್ ಕಡೆ ನೋಡಿದೆ. ಅವಳ ಕಣ್ಣು ಮುಚ್ಚಿತ್ತು, ಕೈ ತುಂಬ ನೀರಿತ್ತು. ಸನ್ನೆ ಮಾಡುವವರು ಯಾರೂ ಇರಲಿಲ್ಲ. ಕೆಳಗಿನ ಬೀದಿಗಳ ಕಡೆ ನೋಡಿದೆ. ಪೈಪಿಗೆ ಅಗೆದ ಕೆಂಪು ಮಣ್ಣು ಅಲ್ಲಲ್ಲಿ ರಾಶಿ ಬಿದ್ದಿತ್ತು. ನಲ್ಲಿಗಳು ಇನ್ನೂ ಬಂದಿರಲಿಲ್ಲ.

ಅವತ್ತು ಮೊದಲ ಸಲ ನನ್ನ ಅಂಗೈಯನ್ನು ನಾನೇ ಎತ್ತಿದೆ.